ತೇವಕ್ಕೆ ಕಳೆದದ್ದು

ವಿದ್ಯಾನಗರದ ಕಚೇರಿ, ಎರಡನೇ ಮಹಡಿ.
ನನ್ನ ಮೇಜಿನ ಮುಂದಿನ ಫಲಕ ಮಲಯಾಳದಲ್ಲಿದೆ:
ಕನ್ನಡ ಭಾಷಾಂತರ.
ಬರುವವರು ಹೆಚ್ಚಾಗಿ ಎಣ್ಮಕಜೆಯವರು, ಪೈವಳಿಕೆಯವರು,
ಅಜ್ಜನ ಪಟ್ಟೆಯಲ್ಲಿ ಗಡಿ ಹುಡುಕುವವರು.
ಅವತ್ತು ಬಂದವಳು ಕಡಲಿನಿಂದ.

ಹಾಜರೊಮ್ಮಾಬಿ. ಕಿಲ್ತಾನ್ ದ್ವೀಪ.
ಮಂಗಳೂರಿಗೆ ಹಡಗು, ಅಲ್ಲಿಂದ ಲೋಕಲ್ ಗಾಡಿ.
ಜೊತೆಗೆ ತಂಗಿಯ ಮಗ, ಇಲ್ಲೇ ಕಾಲೇಜಿನಲ್ಲಿ
ಕಲ್ಲುಗಳ ಶಾಸ್ತ್ರ ಓದುವವನು.
ಅವನ ಊರಲ್ಲಿ ಕಲ್ಲೆಂದರೆ ಹವಳದ್ದೊಂದೇ.

"ನೆಲ ಯಾರದ್ದು ತೋರಿಸಿ ಅಂತ ನೋಟೀಸು ಬಂದಿದೆ."
ಅವಳ ಮಲಯಾಳ ನನ್ನದಲ್ಲ, ನನ್ನದು ಕೊಚ್ಚಿಯವರದ್ದಲ್ಲ,
ನಡುವೆ ಎಲ್ಲೋ ನಿಂತು ಮಾತಾಡಿದೆವು.
ಪ್ಲಾಸ್ಟಿಕ್ ಲಕೋಟೆ ಬಿಚ್ಚಿದಳು.
ಕೈಯಗಲದ ಕಾಗದ. ಕನ್ನಡ.
ಮನೆಯಲ್ಲಿ ಯಾರಿಗೂ ಓದಲು ಬಾರದ್ದರಿಂದ
ಬೆಲೆಯುಳ್ಳದ್ದೇ ಇರಬೇಕೆಂದು
ಬೆಳ್ಳಿಯ ಅರಪಟ್ಟಿಯ ಜೊತೆ ಇಟ್ಟಿದ್ದರಂತೆ.

ಓದಿದೆ:
ಕತ್ತದ ಹುರಿ, ಆರು ಮಣ.
ಕೊಟ್ಟ ಅಕ್ಕಿ, ಎರಡು ಮುಡಿ.
ತೇವಕ್ಕೆ ಕಳೆದದ್ದು, ಅರ್ಧ ಮಣ.

"ತೇವಕ್ಕೆ?"
ಒದ್ದೆಯಿತ್ತಂತೆ, ಎಂದೆ.
"ಓಡದಲ್ಲಿ ಐದು ಹಗಲು ಐದು ರಾತ್ರಿ ಬಂದದ್ದು.
ಒದ್ದೆಯಾಗದೆ?"
ಬರೆದವನ ಪರವಾಗಿ ತಲೆ ತಗ್ಗಿಸಿದೆ.

ಆಗ ನಾವೆಲ್ಲ ಒಂದೇ ಜಿಲ್ಲೆ.
ಮಂಗಳೂರಿನ ಒಬ್ಬ ಕಲೆಕ್ಟರನ ಕೈಕೆಳಗೆ
ನಮ್ಮ ಕುಂಬಳೆ, ಅವರ ಕಿಲ್ತಾನ್, ಅಮಿನಿ, ಚೆತ್ಲಾತ್.
ಮಳೆಗಾಲ ಹಿಡಿದರೆ ಅವರಿಗೆ ಸರಕಾರವೇ ಇಲ್ಲ.
ಕಡಲು ತಣಿದು ಮೊದಲ ಓಡ ಈ ದಡ ಮುಟ್ಟಿದ ಮೇಲೆ
ಸತ್ತವರು ಸತ್ತರು, ಬಿದ್ದ ತೆಂಗು ಬಿತ್ತು.
ಐವತ್ತಾರರ ನವೆಂಬರ್ ಒಂದು, ಒಂದೇ ಬೆಳಿಗ್ಗೆ
ಅವರನ್ನು ದಿಲ್ಲಿಗೆ ಕೊಟ್ಟರು, ನಮ್ಮನ್ನು ತಿರುವನಂತಪುರಕ್ಕೆ.
ನಾವಿನ್ನೂ ಅದನ್ನು ಹೇಳಿಕೊಳ್ಳುತ್ತೇವೆ,
ಶಾಮಿಯಾನ ಹಾಕಿ, ಮೈಕು ಕಟ್ಟಿ.
ಅದೇ ದಿನ ಅವರೂ ಹೋದರೆಂದು ನನಗೆ ಹೊಳೆದದ್ದು
ಈಗ, ಐವತ್ತೆರಡನೇ ವಯಸ್ಸಿಗೆ.

ಗೋಡೆಯಲ್ಲಿ ಜಿಲ್ಲೆಯ ನಕ್ಷೆ. ಪಡುವಣ ಬರೇ ನೀಲಿ.
ನಿಮ್ಮ ದ್ವೀಪ ಎಲ್ಲಿ ಬರುತ್ತದೆ ಎಂದರೆ
ಹುಡುಗ ನಕ್ಷೆ ದಾಟಿ, ಚೌಕಟ್ಟು ದಾಟಿ,
ಫ್ಯಾನಿನ ಸ್ವಿಚ್ಚಿನ ಹತ್ತಿರ
ಸುಣ್ಣದ ಮೇಲೆ ಬೆರಳಿಟ್ಟ.

ಗಂಜಿ ಒಲೆಗಿಟ್ಟು ಹೊರಟರೆ, ಅಂದಳು ಅವಳು,
ಪಡುಗಡಲಿಂದ ಮೂಡುಗಡಲಿಗೆ ಹೋಗಿ ಬರುವಾಗ ಬೆಂದಿರುತ್ತದೆ.
ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿದೆ,
ಕೊಡಪಾನ ಮೆಲ್ಲ ಇಳಿಸಬೇಕು,
ಪಂಪು ಇಟ್ಟವರಿಗೆ ಕಡಲೇ ಬರುತ್ತದೆ.
ಮರ ಒಬ್ಬರದ್ದು, ಅದರಡಿಯ ನೆಲ ಇನ್ನೊಬ್ಬರದ್ದು ಇದ್ದೀತು.
ಮನೆ ಹೆಂಗಸಿನದ್ದು. ಗಂಡ ರಾತ್ರಿ ಬಂದು ಹೋಗುವವನು.
"ಇದಕ್ಕೆಲ್ಲ ಅವರ ಫಾರಮ್ಮಿನಲ್ಲಿ ಕಾಲಂ ಇಲ್ಲ."

ಹುರಿಯ ರಶೀದಿ ನೆಲಕ್ಕೆ ಸಾಕ್ಷಿಯಾಗುವುದಿಲ್ಲ.
ಹೇಳುವುದು ಹೇಗೆ?
ಹೊತ್ತು ಕಳೆಯಲು ಕಾಗದ ತಿರುಗಿಸಿದೆ.
ಹಿಂದೆ, ಬೇರೆ ಶಾಯಿ, ಅವಸರದ ಕೈ:
ಮೇಲಾಚೆಟ್ಟ ಮನೆ ಪೂಕುಞಿ,
ಸದರಿ ಹಿತ್ತಿಲಿನಲ್ಲಿಯೇ ವಾಸ,
ಇಲಿಬೇಟೆಗೆ ಹಾಜರಿಲ್ಲ.
ದಂಡ ಎರಡಾಣೆ.

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕಳು.
ಅಜ್ಜಿಯ ಅಣ್ಣ!
ಊರಿಗೆ ಊರೇ ಕೋಲು ಹಿಡಿದು
ತೆಂಗಿನ ಸುಳಿಯಿಂದ ಇಲಿ ಅಟ್ಟುವಾಗ
ದೋಣಿಯ ಅಡಿ ಮಲಗಿದ್ದನಂತೆ,
ಸೋಮಾರಿ ಮಕ್ಕಳನ್ನು ಈಗಲೂ ಅವನ ಹೆಸರು ಹಿಡಿದು ಬೈಯುತ್ತಾರೆ.

ಹಿತ್ತಿಲು ಅವರದ್ದೆನ್ನಲು ಇರುವುದು ಅಷ್ಟೇ:
ಒಂದು ದಿನ ಅವನು ಬರಲಿಲ್ಲ.

ಭಾಷಾಂತರಿಸಿದೆ. "ಸದರಿ" ಎಂಬಲ್ಲಿ ಪೆನ್ನು ಒತ್ತಿ ಬರೆದೆ.
ನಡೆದೀತೋ ಇಲ್ಲವೋ, ಮೊಹರಂತೂ ದುಂಡಗೆ ಬಿತ್ತು.
ಸಹಿ ಯಾರದ್ದು, ಕೇಳಿದಳು.
ಮೊದಲರ್ಧ ಹುಳ ತಿಂದಿತ್ತು, ಉಳಿದದ್ದು ಒಂದು "ಪ್ಪ".
ನನ್ನ ಅಜ್ಜ ಬಂದರದ ಗೋದಾಮಿನಲ್ಲಿ ತಕ್ಕಡಿ ಗುಮಾಸ್ತ,
ಹೆಸರು ಸೂರಪ್ಪ.
ಆ ಕಾಲಕ್ಕೆ ಪ್ಪಗಳು ಬಹಳ.
ಗೊತ್ತಾಗುವುದಿಲ್ಲ, ಎಂದೆ.

ಶುಲ್ಕ ಹತ್ತು ರೂಪಾಯಿ. ರಶೀದಿ ಹರಿದು ಕೊಟ್ಟೆ.
ಅದನ್ನೂ ಮಡಚಿ
ಅದೇ ಲಕೋಟೆಯಲ್ಲಿಟ್ಟು ಬಾಯಿ ಕಟ್ಟಿದಳು,
ತೇವ ತಾಗದ ಹಾಗೆ.